ರಿಪೇರಿಗೆ ಕೊಟ್ಟ ಮೋಟರು ಒಡೆದು ಬಂದರೆ
(ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಲೆಯ ವಿಚಾರ, ಸಾಲದ ವಿಚಾರ ನೀವು ಪ್ರತಿ ತಿಂಗಳೂ ಓದುತ್ತೀರಿ. ನಾನಿವತ್ತು ಎತ್ತಿಕೊಂಡಿರುವುದು ಅವೆರಡರ ನಡುವೆ ಸಿಕ್ಕಿಕೊಂಡಿರುವ ಒಂದು ಸಣ್ಣ ವಿಚಾರ. ಸಣ್ಣದು ಅಂತ ಬಾಯಿಮಾತಿಗೆ ಹೇಳಿದೆ. ಕೊಳವೆಬಾವಿಯ ಮೋಟರು ಮೇಲೆ ಬಂದು ಕಣದಲ್ಲಿ ಮಲಗಿದ ದಿನ ಅದಕ್ಕಿಂತ ದೊಡ್ಡ ವಿಚಾರ ಮನೆಯಲ್ಲಿ ಇನ್ನೊಂದು ಇರುವುದಿಲ್ಲ.

ನಾವು ಬೆಳೆದ ಮಾಲಿಗೆ ನಾವು ಬೆಲೆ ಕಟ್ಟುವುದಿಲ್ಲ. ಕಂಪನಿಯವನು ಮಾತ್ರ ತನ್ನ ಮೋಟರಿಗೆ, ಟ್ರ್ಯಾಕ್ಟರಿಗೆ, ಟಿಲ್ಲರಿಗೆ ತಾನೇ ಬೆಲೆ ಕಟ್ಟುತ್ತಾನೆ. ಕಟ್ಟುವಾಗ ಕಬ್ಬಿಣದ ಖರ್ಚು, ತಾಮ್ರದ ಖರ್ಚು, ಜಾಹೀರಾತಿನ ಖರ್ಚು ಎಲ್ಲ ಸೇರಿಸುತ್ತಾನೆ. ಹಾಗೆಯೇ, ಒಂದು ವರ್ಷದೊಳಗೆ ಇಷ್ಟು ಮೋಟರು ಕೆಟ್ಟು ವಾಪಸು ಬರುತ್ತವೆ, ಅವನ್ನು ರಿಪೇರಿ ಮಾಡಿಕೊಡಲು ಇಷ್ಟಾಗುತ್ತದೆ ಅನ್ನುವ ಲೆಕ್ಕವನ್ನೂ ಸೇರಿಸಿಯೇ ಸೇರಿಸುತ್ತಾನೆ. ಅದಕ್ಕೇ ವಾರಂಟಿ ಅನ್ನುವುದು. ‘ಪುಕ್ಕಟೆ ರಿಪೇರಿ’ ಅಂತ ಬೋರ್ಡು ಹಾಕುತ್ತಾರಲ್ಲ, ಅದು ಪುಕ್ಕಟೆ ಅಲ್ಲ ಸ್ವಾಮಿ. ಮೋಟರು ಕೊಂಡ ದಿನವೇ ನೀವು ಅದರ ದುಡ್ಡು ಎಣಿಸಿ ಕೊಟ್ಟಿದ್ದೀರಿ. ಸಾಲ ಮಾಡಿ ಕೊಂಡಿದ್ದರೆ ಅದಕ್ಕೆ ಬಡ್ಡಿಯನ್ನೂ ಕಟ್ಟುತ್ತಿದ್ದೀರಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಐದು ಎಚ್.ಪಿ.ಯ ಸಬ್‌ಮರ್ಸಿಬಲ್ ಮೋಟರು, ಕೊಂಡು ಎಂಟು ತಿಂಗಳು. ನೀರು ಕಡಿಮೆಯಾಯಿತು, ಮೋಟರು ಸದ್ದು ಮಾಡುತ್ತಿದೆ. ಆಳು ಕರೆದು, ಪೈಪು ಬಿಚ್ಚಿ, ಮೇಲೆತ್ತಿಸಿದಿರಿ. ಆ ಖರ್ಚು ನಿಮ್ಮದೇ. ಸೀಲು ಒಡೆಯದ ಮೋಟರನ್ನು ಗಾಡಿಯಲ್ಲಿ ಹಾಕಿಕೊಂಡು ಸರ್ವೀಸ್ ಸೆಂಟರಿಗೆ ಒಯ್ದಿರಿ. ‘ಬೇರಿಂಗು ಹೋಗಿದೆ, ಎಂಟು ದಿನ ಬಿಟ್ಟು ಬನ್ನಿ’ ಅಂದರು. ನಂಬರು ಬರೆದ ಒಂದು ತುಂಡು ಚೀಟಿ ಕೊಟ್ಟರು. ಎಂಟು ದಿನ ಹೋಗಿ ಇಪ್ಪತ್ತೆರಡು ದಿನವಾಯಿತು. ತಂದು ಇಳಿಸಿದರೆ ಅರ್ಧ ಗಂಟೆ ಓಡಿ ನಿಂತಿತು. ಮತ್ತೆ ಎತ್ತಿಸಿ ನೋಡಿದರೆ ಮೇಲ್ಭಾಗದ ಬೀಡು ಕಬ್ಬಿಣ ಬಿರುಕು ಬಿಟ್ಟಿದೆ, ಸುತ್ತಿಗೆ ಬಿದ್ದ ಗುರುತಿದೆ, ನೀರು ಒಳಗೆ ನುಗ್ಗಿ ವೈಂಡಿಂಗು ಸುಟ್ಟಿದೆ. ವಾಪಸು ಒಯ್ದರೆ ಎರಡು ಉತ್ತರ ಕಾದಿರುತ್ತವೆ. ಒಂದು: ‘ನೀವು ತಂದಾಗಲೇ ಹಾಗಿತ್ತು.’ ಇನ್ನೊಂದು: ‘ವೋಲ್ಟೇಜಿಗೆ ಸುಟ್ಟಿದೆ, ವಾರಂಟಿ ಬರಲ್ಲ.’

ಇಲ್ಲೇ ನಮ್ಮವರು ಸೋಲುವುದು. ವಾರಂಟಿ ಬರುತ್ತದೋ ಇಲ್ಲವೋ ಅನ್ನುವ ಜಗಳಕ್ಕೆ ಇಳಿಯುತ್ತೇವೆ. ಕಾರ್ಡಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅವರು ಬರೆದುಕೊಂಡದ್ದನ್ನು ಅವರೇ ಓದಿ ಹೇಳುತ್ತಾರೆ, ನಾವು ತಲೆ ಕೆರೆದುಕೊಳ್ಳುತ್ತೇವೆ. ಆದರೆ ಬೇರಿಂಗು ಹೋದದ್ದು ಒಂದು ವಿಚಾರ, ಬಾಡಿ ಒಡೆದದ್ದು ಇನ್ನೊಂದು ವಿಚಾರ. ಬೇರಿಂಗು ಹೋದದ್ದಕ್ಕೆ ವಾರಂಟಿ ಕಾರ್ಡು ನೋಡಬೇಕು. ರಿಪೇರಿಗೆ ಕೊಟ್ಟ ವಸ್ತು ರಿಪೇರಿಯವನ ಕೈಯಲ್ಲಿ ಒಡೆದರೆ ಕಾರ್ಡಿನ ಮಾತೇ ಅಲ್ಲಿ ಬರುವುದಿಲ್ಲ. ವಾರಂಟಿ ಮುಗಿದಿದ್ದರೂ, ದುಡ್ಡು ಕೊಟ್ಟು ರಿಪೇರಿ ಮಾಡಿಸಿದ್ದರೂ ಆ ಹೊಣೆ ಹಾಗೇ ನಿಲ್ಲುತ್ತದೆ.

ಇದು ಹೊಸ ಕಾನೂನಲ್ಲ. 1872ರ ಕರಾರು ಕಾಯ್ದೆಯಲ್ಲಿ 148ನೇ ಕಲಮಿನಿಂದ ಮುಂದಕ್ಕೆ ಇದೇ ವಿಚಾರ ಇದೆ. ಒಂದು ಕೆಲಸಕ್ಕಾಗಿ ಒಬ್ಬನ ವಸ್ತುವನ್ನು ಇನ್ನೊಬ್ಬನ ವಶಕ್ಕೆ ಕೊಟ್ಟರೆ, ತೆಗೆದುಕೊಂಡವನು ತನ್ನ ಸ್ವಂತದ್ದನ್ನು ಸಾಮಾನ್ಯ ವಿವೇಕದ ಮನುಷ್ಯ ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು ಅನ್ನುತ್ತದೆ 151ನೇ ಕಲಂ. ಕೊಟ್ಟ ಕೆಲಸಕ್ಕಲ್ಲದೆ ಬೇರೆಯದಕ್ಕೆ ಬಳಸಿ ಹಾಳು ಮಾಡಿದರೆ ನಷ್ಟ ಕಟ್ಟಿಕೊಡಬೇಕು, ಇದು 154. ಸರ್ವೀಸಿಗೆ ಬಿಟ್ಟ ಟ್ರ್ಯಾಕ್ಟರನ್ನು ಮೆಕ್ಯಾನಿಕ್ಕು ತನ್ನ ನೆಂಟರ ಹೊಲಕ್ಕೆ ಓಡಿಸಿಕೊಂಡು ಹೋದರೆ ಈ ಕಲಂ ಬರುತ್ತದೆ. ಅವನ ತಪ್ಪಿನಿಂದ ಹೇಳಿದ ಹೊತ್ತಿಗೆ ವಾಪಸು ಕೊಡದಿದ್ದರೆ, ಆ ಹೊತ್ತಿನಿಂದ ಮುಂದೆ ಆ ವಸ್ತುವಿಗೆ ಆದ ಹಾನಿಗೆಲ್ಲ ಅವನೇ ಹೊಣೆ, ಇದು 161. ನಮ್ಮ ಹಳ್ಳಿಯಲ್ಲಿ ಇದಕ್ಕೆ ಕಾಯ್ದೆ ಬೇಕಿರಲಿಲ್ಲ. ಪಕ್ಕದ ಹೊಲದವನು ಉಳುಮೆಗೆ ಅಂತ ಎತ್ತು ಒಯ್ದು ಕಾಲು ಮುರಿದು ತಂದು ಕಟ್ಟಿದರೆ, ‘ಮೊದಲೇ ಕುಂಟುತ್ತಿತ್ತು’ ಅಂತ ಹೇಳಿ ಪಾರಾಗುವುದು ಪಂಚಾಯ್ತಿ ಕಟ್ಟೆಯಲ್ಲಿ ಅಷ್ಟು ಸುಲಭವಿರಲಿಲ್ಲ.

‘ವಸ್ತುಗಳಿಗೆ ಮಾಲೀಕರೇ ಜವಾಬ್ದಾರರು’ ಅಂತ ಗೋಡೆಗೆ ಬೋರ್ಡು ಹಾಕಿರುತ್ತಾರೆ, ಚೀಟಿಯ ಕೆಳಗೂ ಅಚ್ಚು ಹಾಕಿಸಿರುತ್ತಾರೆ. ಅದನ್ನು ನೋಡಿ ಹೆದರಬೇಡಿ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಗಿರಾಕಿಯೊಬ್ಬರು ಕಾರಿನ ಕೀಲಿಯನ್ನು ಹೋಟೆಲಿನವನ ಕೈಗೆ ಕೊಟ್ಟು ಒಳಗೆ ಹೋದರು, ಕಾರು ಕಳವಾಯಿತು. ಚೀಟಿಯಲ್ಲಿ ‘ಮಾಲೀಕರ ಹೊಣೆ’ ಅಂತ ಬರೆದಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2019ರಲ್ಲಿ ತೀರ್ಪಾಯಿತು. ವಶಕ್ಕೆ ತೆಗೆದುಕೊಂಡ ಮೇಲೆ ತನ್ನ ಅಲಕ್ಷ್ಯದ ಹೊಣೆಯನ್ನು ಹಾಗೆ ಚೀಟಿ ಬರೆದು ಕಳಚಿಕೊಳ್ಳುವಂತಿಲ್ಲ, ತಾನು ಜೋಪಾನವಾಗಿ ನೋಡಿಕೊಂಡೆ ಅಂತ ತೋರಿಸುವ ಭಾರ ವಶಕ್ಕೆ ಪಡೆದವನ ಮೇಲೇ ಇದೆ ಅಂದಿತು ಕೋರ್ಟು. ದೊಡ್ಡ ಹೋಟೆಲಿಗೆ ಕಾರು ತರುವವನಿಗೆ ಆದ ನ್ಯಾಯ ಮೋಟರು ತರುವವನಿಗೂ ಆಗಬೇಕಲ್ಲವೆ?

ಆದರೆ ಒಂದು ಮಾತು. ಆ ಭಾರ ಅವರ ತಲೆಗೆ ಏರಬೇಕಾದರೆ, ಕೊಡುವಾಗ ಮೋಟರು ನೆಟ್ಟಗಿತ್ತು ಅನ್ನುವುದನ್ನು ನಾವು ತೋರಿಸಬೇಕು. ಕಬ್ಬು ಹಾಕಿ ತೂಕದ ಚೀಟಿ ಇಲ್ಲದೆ ಕಾರ್ಖಾನೆ ಗೇಟು ದಾಟದ ನಾವು, ಹತ್ತಾರು ಸಾವಿರದ ಯಂತ್ರ ಕೊಟ್ಟು ಬರಿಗೈಲಿ ಬಸ್ಸು ಹತ್ತುತ್ತೇವೆ! ಜಾಬ್ ಕಾರ್ಡು ಕೇಳಿ. ಮೋಟರಿನ ಸೀರಿಯಲ್ ನಂಬರು, ಕೊಟ್ಟ ದಿನ, ನೀವು ಹೇಳಿದ ದೂರು, ವಾಪಸು ಕೊಡುವ ದಿನ ಅದರಲ್ಲಿ ಇರಲಿ. ಅದಕ್ಕಿಂತ ಮುಖ್ಯವಾಗಿ ‘ಬಾಡಿ ಸರಿಯಿದೆ, ಸೀಲು ಒಡೆದಿಲ್ಲ, ಕೇಬಲು ಸರಿಯಿದೆ’ ಅಂತ ಒಂದು ಸಾಲು ಬರೆಸಿ, ಅಂಗಡಿಯವನ ಸಹಿ, ಮೊಹರು ಹಾಕಿಸಿ. ಬರೆಯುವುದಿಲ್ಲ ಅಂದರೆ ಜೇಬಿನಲ್ಲಿ ಫೋನಿದೆಯಲ್ಲ, ಅವನ ಕೌಂಟರಿನ ಮೇಲೇ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆದು ಅಲ್ಲೇ ನಿಂತು ಅವನ ನಂಬರಿಗೇ ಕಳಿಸಿ. ಫೋನು ತುಂಬಿತು ಅಂತ ಮಗ ಅಳಿಸಿಬಿಡದ ಹಾಗೆ ನೋಡಿಕೊಳ್ಳಿ. ವಾಪಸು ತರುವಾಗ ಅಲ್ಲೇ ತಿರುಗಿಸಿ ನೋಡಿ. ಬದಲಾಯಿಸಿದ ಹಳೆಯ ಭಾಗವನ್ನು ತೋರಿಸು ಅನ್ನಿ. ವಾರಂಟಿ ಇಲ್ಲ ಅಂದರೆ ಯಾಕಿಲ್ಲ ಅಂತ ಬರೆದುಕೊಡು ಅನ್ನಿ. ಬಾಯಲ್ಲಿ ಹತ್ತು ಕಾರಣ ಹೇಳುವವನು ಕಾಗದದ ಮೇಲೆ ಒಂದನ್ನೂ ಬರೆಯಲು ಹಿಂಜರಿಯುತ್ತಾನೆ.

ಒಡೆದ ಮೋಟರು ಕೈಗೆ ಬಂದ ಮೇಲೆ ನಮ್ಮವರು ಸಿಟ್ಟಿಗೆ ಊರಿನ ವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿಸಿಬಿಡುತ್ತಾರೆ. ಬೆಳೆ ಒಣಗುತ್ತಿರುವಾಗ ಅದು ಸಹಜ. ಆದರೆ ಬಿಚ್ಚಿಸಿದರೆ ಸಾಕ್ಷಿ ಹೋಯಿತು. ಬಿತ್ತನೆ ಬೀಜದ ಮೊಕದ್ದಮೆಯೊಂದರಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು, ರೈತ ಗ್ರಾಹಕನೇ ಹೌದು, ಮುಂದೆ ಪರೀಕ್ಷೆಗೆ ಬೇಕಾದೀತು ಅಂತ ಅವನು ಬೀಜ ಎತ್ತಿಟ್ಟುಕೊಳ್ಳಬೇಕು ಅಂತ ನಿರೀಕ್ಷಿಸಲಾಗದು ಅಂದಿತು. ಬೀಜ ಮಣ್ಣಿಗೆ ಸೇರುತ್ತದೆ. ಮೋಟರು ಕಣ್ಣೆದುರಿಗೆ ಬಿದ್ದಿರುತ್ತದೆ. ಆಯೋಗ ಅದನ್ನು ಪರೀಕ್ಷೆಗೆ ಕಳಿಸಬಹುದು. ಹಾಗಾಗಿ ಅದನ್ನು ಮುಟ್ಟದೆ ಇಡಿ. ನೀರಿಗೆ ಬೇರೆ ಮೋಟರು ಬಾಡಿಗೆಗೆ ತನ್ನಿ, ಇಲ್ಲವೇ ಪಕ್ಕದವರಿಂದ ನೀರು ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಇದರಲ್ಲಿ ಎರಡು ಲಾಭ. ಬೆಳೆಯೂ ಉಳಿಯುತ್ತದೆ, ನಷ್ಟ ತಪ್ಪಿಸಲು ಏನು ಮಾಡಿದೆ ಅಂತ ಕೇಳಿದರೆ ಉತ್ತರವೂ ಇರುತ್ತದೆ. ಬೆಳೆ ಹೋಗಿಯೇ ಹೋದರೆ ಪಹಣಿ, ಒಣಗಿದ ತೋಟದ ಫೋಟೋ, ಗ್ರಾಮ ಆಡಳಿತಾಧಿಕಾರಿಯದೋ ತೋಟಗಾರಿಕೆ ಇಲಾಖೆಯವರದೋ ಒಂದು ಬರಹ ಬೇಕು. ಸುಮ್ಮನೆ ‘ಐದು ಲಕ್ಷ ಲುಕ್ಸಾನು’ ಅಂದರೆ ಯಾರೂ ಕೊಡುವುದಿಲ್ಲ.

ಇನ್ನು ಎಲ್ಲಿಗೆ ಹೋಗಬೇಕು? 1986ಕ್ಕೆ ಮೊದಲು ಸಿವಿಲ್ ಕೋರ್ಟೊಂದೇ ದಾರಿ, ಮೋಟರಿಗಿಂತ ವಕೀಲರ ಫೀಜೇ ಹೆಚ್ಚಾಗುತ್ತಿತ್ತು. ಆ ವರ್ಷ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅದರ ಜಾಗದಲ್ಲಿ ಈಗಿರುವುದು 2019ರ ಕಾಯ್ದೆ, 2020ರ ಜುಲೈಯಿಂದ ಜಾರಿಯಲ್ಲಿದೆ. ಕೊಟ್ಟ ಬೆಲೆ 50 ಲಕ್ಷದವರೆಗಿನದ್ದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸೇರುತ್ತದೆ. ಬೆಲೆ 5 ಲಕ್ಷದೊಳಗಿದ್ದರೆ ಫೀಜು ಒಂದು ಪೈಸೆಯೂ ಇಲ್ಲ. ವಕೀಲರನ್ನು ಇಡಲೇಬೇಕು ಅಂತಿಲ್ಲ. ಕಂಪನಿ ಮುಂಬಯಿಯಲ್ಲಿರಲಿ, ಕೊಯಮತ್ತೂರಿನಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 2019ರ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ ಇದು.

ಅಲ್ಲಿ ಕಂಪನಿಯ ವಕೀಲರು ಎರಡು ಮಾತು ಎತ್ತುತ್ತಾರೆ. ‘ಇವರು ವ್ಯಾಪಾರಕ್ಕೆ ಕೊಂಡಿದ್ದಾರೆ, ಗ್ರಾಹಕರಲ್ಲ’ ಅನ್ನುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ತಾನೇ ಬಳಸುವ ವಸ್ತು ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ದೂರಿನ ಮೊದಲ ಪುಟದಲ್ಲೇ ಇದನ್ನು ಬರೆಯಿರಿ. ನಾಲ್ಕು ಟ್ರ್ಯಾಕ್ಟರು ಇಟ್ಟುಕೊಂಡು ಡ್ರೈವರುಗಳಿಂದ ಬಾಡಿಗೆಗೆ ಓಡಿಸುವವರ ಕಥೆ ಬೇರೆ, ಅವರಿಗೆ ಈ ಬಾಗಿಲು ಕಷ್ಟ. ಎರಡನೆಯದು, ‘ಪುಕ್ಕಟೆ ಮಾಡಿದ ಸೇವೆಗೆ ಕಾಯ್ದೆ ಅನ್ವಯಿಸುವುದಿಲ್ಲ.’ ಪುಕ್ಕಟೆ ಸೇವೆ ಕಾಯ್ದೆಯಿಂದ ಹೊರಗಿರುವುದು ನಿಜ. ಆದರೆ ವಾರಂಟಿ ರಿಪೇರಿ ಪುಕ್ಕಟೆ ಅಲ್ಲ, ಬೆಲೆಯಲ್ಲೇ ಸೇರಿದೆ ಅಂತ ಮೊದಲೇ ಹೇಳಿದೆನಲ್ಲ, ಅದೇ ಉತ್ತರ ಇಲ್ಲಿಗೆ.

ಡೀಲರು ಕಂಪನಿಯನ್ನು ತೋರಿಸುತ್ತಾನೆ, ಕಂಪನಿ ಸರ್ವೀಸ್ ಸೆಂಟರನ್ನು ತೋರಿಸುತ್ತದೆ. ನೀವು ಒಬ್ಬರನ್ನೂ ಬಿಡಬೇಡಿ, ಎಲ್ಲರನ್ನೂ ಎದುರುದಾರರನ್ನಾಗಿ ಹಾಕಿ. ಅದಕ್ಕೂ ಮೊದಲು ಕನ್ನಡದಲ್ಲೇ ಒಂದು ಪತ್ರ ಬರೆದು, ಇಂಥ ದಿನದೊಳಗೆ ಬೇರೆ ಮೋಟರು ಕೊಡಿ ಇಲ್ಲವೇ ಬೆಲೆ ವಾಪಸು ಮಾಡಿ ಅಂತ ಎಲ್ಲರಿಗೂ ಅಂಚೆಯಲ್ಲಿ ಕಳಿಸಿ, ಅಂಚೆ ರಸೀದಿ ಜೋಪಾನ ಮಾಡಿ. 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಂಡು ಕಂಪನಿಗೆ ಕಳಿಸುತ್ತಾರೆ. ಕೆಲವು ಜಗಳ ಅಷ್ಟಕ್ಕೇ ಮುಗಿಯುತ್ತವೆ. ಆದರೆ ‘ಮುಂದಿನ ವಾರ ಬನ್ನಿ’ ಅನ್ನುವುದನ್ನು ನಂಬಿ ಕೂರಬೇಡಿ. ದೂರು ಹಾಕಲು ಇರುವುದು ಎರಡೇ ವರ್ಷ.

ಆಯೋಗಕ್ಕೆ ಹೋದ ತಕ್ಷಣ ದುಡ್ಡು ಬರುತ್ತದೆ ಅಂತ ನಾನು ಹೇಳುವುದಿಲ್ಲ. ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದನ್ನು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ನಡೆಯುವಾಗ ಎಷ್ಟೋ ದೂರು ವರ್ಷ ದಾಟುತ್ತವೆ. ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ಆಮೇಲೆ ಒಂದು ದಿನವೂ ಕೊಡಲಾಗದು ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ನಾಲ್ಕನೇ ವಾಯಿದೆಗೆ ಉತ್ತರ ತಂದರೆ ಎದ್ದು ನಿಂತು ಇದನ್ನು ಹೇಳಿ.

ತೀರ್ಪು ನಿಮ್ಮ ಕಡೆ ಆದ ಮೇಲೆ ಅದನ್ನು ಪಾಲಿಸದಿದ್ದರೆ 72ನೇ ಕಲಮಿನಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ ಆಗಬಹುದು. ಕಂಪನಿ ಅಪೀಲು ಹೋಗಬೇಕಾದರೆ 45 ದಿನದೊಳಗೆ ಹೋಗಬೇಕು, ಕೊಡಬೇಕೆಂದು ಆದೇಶವಾದ ಹಣದಲ್ಲಿ ಅರ್ಧವನ್ನು ಮೊದಲು ಕಟ್ಟಬೇಕು.