ಮಿದುಳಿನ ಅಲೆ, ಮನಸ್ಸಿನ ಸಂಕಲ್ಪ

ಮಿದುಳಿನ ಕುರಿತ ಪ್ರಯೋಗವೊಂದು ಪತ್ರಿಕೆಯ ಸುದ್ದಿಯಾಗುವಾಗ ಅದರ ಜೊತೆಗೆ ಒಂದು ತತ್ತ್ವವೂ ಸದ್ದಿಲ್ಲದೆ ಓದುಗರನ್ನು ತಲುಪುವುದುಂಟು. ಜಗತ್ತಿನಲ್ಲಿ ಇರುವುದು ಜಡದ್ರವ್ಯ ಮತ್ತು ಅದರ ಚಲನೆ ಮಾತ್ರ, ಅರಿವು ಇಚ್ಛೆಗಳೆಲ್ಲ ಅದರ ಪರಿಣಾಮಗಳಷ್ಟೇ ಎನ್ನುವ ಭೌತವಾದವೇ ಆ ತತ್ತ್ವ. ಪ್ರಯೋಗವನ್ನು ಒಪ್ಪಿದವರು ಈ ವಾದವನ್ನೂ ಒಪ್ಪಲೇಬೇಕೆಂಬ ನಂಬಿಕೆಗೆ ಬುನಾದಿ ಎಷ್ಟು ಸಡಿಲವೆಂಬುದನ್ನು ಅಮೆರಿಕದ ಶರೀರವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ ಪ್ರಸಿದ್ಧ ಪ್ರಯೋಗದ ಚರಿತ್ರೆ ತೋರಿಸಿಕೊಡುತ್ತದೆ.

ಲಿಬೆಟ್ 1983ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ, ಭಾಗವಹಿಸಿದವರು ತಮಗೆ ತೋಚಿದಾಗ ಕೈಯನ್ನು ಅಲುಗಿಸಿ, ಅಲುಗಿಸಬೇಕೆಂಬ ಬಯಕೆ ಅರಿವಿಗೆ ಬಂದ ಕ್ಷಣದಲ್ಲಿ ಗಡಿಯಾರದಂತೆ ಸುತ್ತುತ್ತಿದ್ದ ಬೆಳಕಿನ ಚುಕ್ಕೆ ಎಲ್ಲಿತ್ತೆಂದು ಹೇಳಬೇಕಾಗಿತ್ತು. ಈ ಅರಿವು ಚಲನೆಗೆ ಸುಮಾರು 200 ಮಿಲಿಸೆಕೆಂಡು ಮೊದಲು ಮೂಡಿದರೆ, ಸಿದ್ಧತಾ ವಿಭವ, ಅಂದರೆ ಚಲನೆಗೆ ಮುನ್ನ ನೆತ್ತಿಯ ಮೇಲೆ ಅಳೆಯಬಹುದಾದ ವಿದ್ಯುತ್ತಿನ ನಿಧಾನವಾದ ಏರಿಕೆ, ಸುಮಾರು 550 ಮಿಲಿಸೆಕೆಂಡು ಮೊದಲೇ ಆರಂಭವಾಗಿರುತ್ತಿತ್ತು. ಮಿದುಳು ನಿರ್ಧರಿಸಿದ ಮೇಲೆ ಮನಸ್ಸಿಗೆ ತಿಳಿಯುತ್ತದೆ, ಸ್ವತಂತ್ರ ಇಚ್ಛೆ ಭ್ರಮೆ ಎಂಬ ಘೋಷಣೆ ಇದರಿಂದಲೇ ಹೊರಟಿತು. ಆದರೆ ಮೂಡಿದ ಬಯಕೆಯನ್ನು ಕಡೆಗಳಿಗೆಯಲ್ಲಿ ತಡೆಯುವ ಅಧಿಕಾರ ಪ್ರಜ್ಞೆಗೆ ಇದೆಯೆಂದು ಸ್ವತಃ ಲಿಬೆಟ್ ವಾದಿಸಿದ್ದರೆಂಬುದನ್ನು ಆ ಘೋಷಣೆ ಮರೆತಿತು. 2012ರಲ್ಲಿ ನರವಿಜ್ಞಾನಿ ಆರನ್ ಶುರ್ಗರ್ ಮತ್ತು ಸಂಗಡಿಗರು, ನರಕೋಶಗಳಲ್ಲಿ ಸದಾ ನಡೆಯುವ ಯಾದೃಚ್ಛಿಕ ಏರಿಳಿತ, ಅಂದರೆ ಗೊತ್ತಾದ ಕ್ರಮವಿಲ್ಲದ ಏರಿಳಿತ, ಒಂದು ಮಿತಿಯನ್ನು ದಾಟಿದಾಗ ಚಲನೆ ಸಂಭವಿಸುತ್ತದೆಂದು ಭಾವಿಸಿ, ಅನೇಕ ಚಲನೆಗಳ ದಾಖಲೆಗಳನ್ನು ಸರಾಸರಿ ಮಾಡಿದಾಗ ಅಂಥದೇ ಏರಿಕೆ ಕಾಣಿಸಿಕೊಳ್ಳುತ್ತದೆಂದು ತೋರಿಸಿದರು. ನಿರ್ಧಾರದ ಗುರುತೆಂದು ಮೂರು ದಶಕ ಬೋಧಿಸಲಾಗಿದ್ದುದು ಅಳತೆಯ ವಿಧಾನದಿಂದಲೇ ಹುಟ್ಟಿರಬಹುದೆಂಬುದು ಸಣ್ಣ ತಿದ್ದುಪಡಿಯಲ್ಲ.

ಭೌತವಾದಕ್ಕೆ ಇನ್ನೊಂದು ಆಧಾರವೆಂದು ತೋರಿಸಲಾಗುವ ವಿಕಾಸವಾದದ ಮಾತು ಬೇರೆ. ಜೀವಿಗಳು ಸಮಾನ ಪೂರ್ವಜರಿಂದ ಬಂದಿವೆಯೆಂಬುದಕ್ಕೆ ಪಳೆಯುಳಿಕೆಗಳೂ ವಂಶವಾಹಿಗಳೂ ನುಡಿಯುವ ಸಾಕ್ಷ್ಯ ಗಟ್ಟಿಯಾದುದು, ಅದನ್ನು ಅಲ್ಲಗಳೆಯುವುದರಿಂದ ಅಧ್ಯಾತ್ಮಕ್ಕೆ ಲಾಭವೂ ಇಲ್ಲ. ಪ್ರಶ್ನೆಯಿರುವುದು ಆ ವಿವರಣೆಯ ಎಲ್ಲೆಯಲ್ಲಿ. ಡಾರ್ವಿನ್ನರಂತೆಯೇ ಸ್ವತಂತ್ರವಾಗಿ ನೈಸರ್ಗಿಕ ಆಯ್ಕೆಯನ್ನು ಕಂಡುಕೊಂಡಿದ್ದ ಆಲ್ಫ್ರೆಡ್ ರಸೆಲ್ ವಾಲೇಸ್, ಬದುಕುಳಿಯಲು ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿನ ಶಕ್ತಿ ಮನುಷ್ಯನ ಮಿದುಳಿಗೆ ಹೇಗೆ ಬಂತೆಂದು 1869ರಲ್ಲೇ ಕೇಳಿ ಡಾರ್ವಿನ್ನರನ್ನು ಕಳವಳಕ್ಕೆ ಈಡುಮಾಡಿದರು. ಉನ್ನತ ಚೇತನವೊಂದರ ಮಾರ್ಗದರ್ಶನವೆಂಬ ಅವರ ಉತ್ತರ ಅವಸರದ್ದು, ಪ್ರಶ್ನೆಯಲ್ಲ. ನೋವು ಜೀವಿಯನ್ನು ಬೆಂಕಿಯಿಂದ ದೂರ ಸೆಳೆಯುತ್ತದೆ, ಆದ್ದರಿಂದ ಉಳಿದುಬಂತು ಎನ್ನುವ ವಿವರಣೆ ಸರಿಯೇ, ಆದರೆ ಹಾಗೆ ದೂರ ಸರಿಯುವುದಕ್ಕೆ ನೋವೆಂಬ ಅನುಭವವೇ ಏಕೆ ಬೇಕಾಯಿತೆಂಬುದನ್ನು ಅದು ಮುಟ್ಟುವುದಿಲ್ಲ.

ಈ ವಿವಾದ ಭಾರತಕ್ಕೆ ಹಳೆಯದು. ಮದ್ಯದಲ್ಲಿ ಅಮಲು ಹುಟ್ಟುವಂತೆ ಭೂಮಿ, ನೀರು ಮೊದಲಾದ ಭೂತಗಳ ಸೇರುವಿಕೆಯಿಂದ ಚೈತನ್ಯ ಹುಟ್ಟುತ್ತದೆ ಎಂಬ, ಪ್ರಾಚೀನ ಭೌತವಾದಿಗಳಾದ ಲೋಕಾಯತರ ವಾದವನ್ನು ಬ್ರಹ್ಮಸೂತ್ರ ಭಾಷ್ಯದಲ್ಲಿ ಎತ್ತಿಕೊಳ್ಳುವ ಶಂಕರರು, ಭೂತಗಳನ್ನು ವಿಷಯವಾಗಿ ಅರಿಯುವ ಚೈತನ್ಯ ಆ ಭೂತಗಳದೇ ಧರ್ಮವಾಗಲಾರದು ಎಂದು ಉತ್ತರಿಸುತ್ತಾರೆ. ಆ ವಿವಾದವನ್ನು ಇಂದಿನ ವಿಜ್ಞಾನವೂ ಬಗೆಹರಿಸಿಲ್ಲ. ಪ್ರಜ್ಞೆಗೆ ಕಾರಣವಾದ ನರವ್ಯವಸ್ಥೆಯ ಗುರುತು 25 ವರ್ಷಗಳಲ್ಲಿ ಸ್ಪಷ್ಟವಾಗಿ ಸಿಗುತ್ತದೆಂದು 1998ರಲ್ಲಿ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಅವರೊಡನೆ ಪಂಥ ಕಟ್ಟಿದ್ದ ನರವಿಜ್ಞಾನಿ ಕ್ರಿಸ್ಟಾಫ್ ಕಾಖ್, 2023ರಲ್ಲಿ ನ್ಯೂಯಾರ್ಕಿನ ಸಮ್ಮೇಳನದಲ್ಲಿ ಸೋಲೊಪ್ಪಿ ದ್ರಾಕ್ಷಾರಸದ ಸೀಸೆಗಳನ್ನು ಒಪ್ಪಿಸಿದರು. ಪ್ರಜ್ಞೆಯ ಎರಡು ಪ್ರಮುಖ ಸಿದ್ಧಾಂತಗಳನ್ನು ಮುಖಾಮುಖಿಯಾಗಿ ಪರೀಕ್ಷಿಸಿ ಅಲ್ಲಿ ಪ್ರಕಟಿಸಿದ ಫಲಿತಾಂಶಗಳಂತೆ, ಅವುಗಳಲ್ಲಿ ಯಾವುದರ ಮುನ್ಸೂಚನೆಯೂ ಪೂರ್ತಿಯಾಗಿ ನಿಜವಾಗಿರಲಿಲ್ಲ.