ಹೆಸರು ಒಬ್ಬರದು, ಯಂತ್ರ ಇನ್ನೊಬ್ಬರದು
(ಆನಂದಪುರದ ಸಭೆಯಲ್ಲಿ ಮಾಡಿದ ಭಾಷಣ)



1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯನ್ನು ಪ್ರಶ್ನಿಸಿದರು. ಅಳೆಯುವ ಸಾಧನ ಸರಿಯಾಗಿದೆಯೆ ಎಂದು ಕೇಳುವ ಹಕ್ಕು ದುಡಿಯುವವನಿಗೆ ಇದೆಯೆಂದು ಆ ಸತ್ಯಾಗ್ರಹ ಸಾರಿತು. ಇಂದು ನಮ್ಮ ಅಂಗಡಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ ನಮ್ಮನ್ನು ನೋಡುತ್ತಿರುವ ಕಾವಲು ಕ್ಯಾಮರಾದ ಬಗ್ಗೆಯೂ ನಾವು ಅದೇ ಪ್ರಶ್ನೆಯನ್ನು ಕೇಳಬೇಕಾಗಿದೆ.

ಪೆಟ್ಟಿಗೆಯ ಮೇಲಿನ ಹೆಸರು ಒಬ್ಬರದು. ಒಳಗಿನ ಯಂತ್ರ ಮಾಡಿದವರು ಬೇರೆ. ಒಂದೇ ಕಾರ್ಖಾನೆಯ ಮಾಲು ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತದೆ. ದೋಷ ಕಂಡಾಗ ಮೂಲ ತಯಾರಕರು ತಂತ್ರಾಂಶದ ತಿದ್ದುಪಡಿ ಹೊರಡಿಸಿದರೂ ಹೆಸರು ಬದಲಾದ ಮಾಲಿಗೆ ಅದು ಒಗ್ಗದಿರಬಹುದು. ಕೇಳಹೋದರೆ ಅಂಗಡಿಯವರು ಕಂಪೆನಿಯತ್ತ ಕೈ ತೋರಿಸುತ್ತಾರೆ, ಕಂಪೆನಿಯವರು ಅಂಗಡಿಯತ್ತ.

ಇದು ಬರಿಯ ಭೀತಿಯಲ್ಲ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮರಾ ಮೊದಲಾದ ಲಕ್ಷಾಂತರ ಯಂತ್ರಗಳನ್ನು ವಶಪಡಿಸಿಕೊಂಡಿತು. 2021ರಲ್ಲಿ ಚೀನದ ಹಿಕ್‌ವಿಷನ್ ಕ್ಯಾಮರಾಗಳಲ್ಲಿ, ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ಪೂರ್ಣ ಹತೋಟಿ ಪಡೆಯಬಲ್ಲ ದೋಷ ಬಯಲಾಯಿತು; ಆ ಮಾಲು ಬೇರೆ ಹೆಸರುಗಳಲ್ಲೂ ಮಾರಾಟವಾಗಿತ್ತು. 2025ರ ಫೆಬ್ರವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಮಹಿಳಾ ರೋಗಿಗಳ ದೃಶ್ಯಗಳು ಬೀದಿಗೆ ಬಿದ್ದವು. ಹಣ ತೆತ್ತವರು ಒಬ್ಬರು. ಮಾನ ಹೋದದ್ದು ಮತ್ತೊಬ್ಬರದು.

2025ರ ಏಪ್ರಿಲ್ 9ರಿಂದ ಕೇಂದ್ರ ಸರಕಾರ ಸಿಸಿಟಿವಿ ಕ್ಯಾಮರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಒಳ್ಳೆಯದೇ. ಆದರೆ ಅದಕ್ಕೆ ಮುಂಚೆಯೇ ಗೋಡೆಗೆ ಹತ್ತಿದ ಕ್ಯಾಮರಾವನ್ನು ಆ ಆಜ್ಞೆ ದುರಸ್ತಿ ಮಾಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, ಇತರರು ಮಾಡಿದ ಮಾಲಿಗೆ ತನ್ನ ಗುರುತು ಹಾಕಿದವನನ್ನೂ ತಯಾರಕನೆಂದೇ ಎಣಿಸುತ್ತದೆ. 'ಇದು ನಾವು ಮಾಡಿದ್ದಲ್ಲ' ಎಂಬ ನೆಪ ಅಲ್ಲಿ ನಡೆಯದು. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗ ಮಾಡುವ ಸಣ್ಣ ವ್ಯಾಪಾರಿಯೂ ಆ ಕಾಯಿದೆಯಲ್ಲಿ ಗ್ರಾಹಕನೇ.

ಆದುದರಿಂದ ವ್ಯಾಪಾರಿ ಮಿತ್ರರೇ, ಬಿಲ್ಲಿಲ್ಲದೆ ಕೊಳ್ಳಬೇಡಿ. ಮಾಡಿದವರು ಯಾರು, ತಿದ್ದುಪಡಿ ಎಷ್ಟು ವರ್ಷ ಕೊಡುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಕಾರ್ಖಾನೆಯ ಪಾಸ್‌ವರ್ಡನ್ನು ಇಂದೇ ಬದಲಿಸಿ. ದೂರದಿಂದ ನೋಡುವ ಅಗತ್ಯವಿಲ್ಲದಿದ್ದರೆ ಅದಕ್ಕೆ ಇಂಟರ್‌ನೆಟ್ ಸಂಪರ್ಕವನ್ನೇ ಕೊಡಬೇಡಿ.

ಗಿರಣಿಯ ಸಂಗಾತಿಗಳೇ, ಕ್ಯಾಮರಾ ಎತ್ತ ನೋಡುತ್ತದೆ, ದೃಶ್ಯ ಯಾರ ಕೈಯಲ್ಲಿರುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂದು ಮಾಲೀಕರನ್ನು ಕೇಳಿ. ಬಟ್ಟೆ ಬದಲಿಸುವ ಕಡೆ, ವಿಶ್ರಾಂತಿಯ ಕಡೆ ಅದು ಇರಕೂಡದು. ಒಬ್ಬೊಬ್ಬರೇ ಕೇಳಿದರೆ ಅದು ಗೊಣಗಾಟ. ಎಲ್ಲರೂ ಕೂಡಿ ಕೇಳಿದರೆ ಹಕ್ಕು.