ಒಂದೇ ಷಡ್ಜ, ಬೇರೆ ಬೇರೆ ದನಿ

ನಮ್ಮ ತಾಯಿಯವರು ತೀರಿಕೊಂಡ ಮೇಲೆ ಅವರ ತಂಬೂರಿ ಹನ್ನೊಂದು ವರ್ಷ ಗವಸಿನೊಳಗೇ ಇತ್ತು. ಅವರ ಕಂಠ ಯಾವ ಧ್ವನಿಮುದ್ರಣದಲ್ಲಿಯೂ ಉಳಿದಿಲ್ಲ; ಉಳಿದದ್ದು ಅದೊಂದೇ. ಕಳೆದ ನವರಾತ್ರಿಯಲ್ಲಿ ಹೊಸ ತಂತಿ ಕಟ್ಟಿ ಮೀಟಿದೆ. ಶ್ರುತಿ ಕೂಡಿತ್ತು, ದನಿ ಮಾತ್ರ ಅದರದಾಗಿರಲಿಲ್ಲ. ಬರಿಯ ಒಣ ಸದ್ದು. ಶ್ರುತಿ ಕೂಡಿದ ಮೇಲೂ ಕೂಡದೆ ಉಳಿದದ್ದು ಏನು? ಈ ಹೊತ್ತು ತಮ್ಮೊಡನೆ ಆಲೋಚಿಸಬೇಕೆಂದಿರುವುದು ಅದನ್ನೇ.

ವೀಣೆ, ಕೊಳಲು, ಕಂಠ ಮೂರೂ ಒಂದೇ ಷಡ್ಜವನ್ನು ಒಂದೇ ಬಲದಿಂದ ನುಡಿದರೂ, ಕಣ್ಣು ಮುಚ್ಚಿ ಕುಳಿತವನು ಇದು ಇಂಥದೆಂದು ಹೇಳಬಲ್ಲ. ನಾವು ಒಂದು ಸ್ವರವೆಂದು ಕೇಳುವುದು ನಿಜವಾಗಿ ಒಂದಲ್ಲ. ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿಯೂ ಕಂಪಿಸುತ್ತದೆ. ಮೂಲಸ್ವರ ಸೆಕೆಂಡಿಗೆ 200 ಕಂಪನಗಳದಾದರೆ ಅದರ ಬೆನ್ನಿಗೆ 400, 600, 800ರ ಮೇಲ್ಸ್ವರಗಳೂ ಏಳುತ್ತವೆ. ಇವುಗಳಲ್ಲಿ ಯಾವುದು ಪ್ರಬಲ, ಯಾವುದು ಕ್ಷೀಣ ಎಂಬುದು ನಾದದ ಗುಣವನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಸ್ವರ ಹುಟ್ಟುವ ಮತ್ತು ಅಡಗುವ ಬಗೆಯನ್ನೂ ಇದಕ್ಕೆ ಸೇರಿಸಬೇಕು.

ಕಂಠದ ವಿಷಯ ಇನ್ನೂ ಸೋಜಿಗದ್ದು. ಗಂಟಲಿನ ಧ್ವನಿತಂತುಗಳು ಕೊಡುವುದು ಶ್ರುತಿಯನ್ನು. ಯಾವ ಮೇಲ್ಸ್ವರ ಮೆರೆಯಬೇಕೆಂಬುದನ್ನು ಬಾಯಿ, ನಾಲಗೆ, ತುಟಿಗಳ ಆಕಾರ ತೀರ್ಮಾನಿಸುತ್ತದೆ. ಒಂದೇ ಶ್ರುತಿಯಲ್ಲಿ ‘ಆ’ ಎಂದು, ಹಾಗೆಯೇ ‘ಈ’ ಎಂದು ಹಾಡಿ ನೋಡಿ. ವೀಣೆಯ ಕೊಡವನ್ನು ಒಮ್ಮೆ ಕೊರೆದರೆ ಮುಗಿಯಿತು. ಗಾಯಕನಾದರೋ ಅಕ್ಷರ ಅಕ್ಷರಕ್ಕೂ ಹೊಸ ಕೊಡ ಕೊರೆಯುತ್ತಾನೆ! ಹಾಡುವಾಗ ಸಾಹಿತ್ಯವನ್ನು ನುಂಗುವವರು ನಾದವನ್ನೂ ನುಂಗುತ್ತಾರೆಂದು ನನಗೆ ಅನ್ನಿಸುವುದು ಇದರಿಂದಲೇ.

ಚರ್ಮವಾದ್ಯಗಳ ಬರಿಯ ತೊಗಲಿನ ಮೇಲ್ಸ್ವರಗಳು ಹೀಗೆ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಮೃದಂಗದ ಕಪ್ಪು ಕರಣೆ ಅವನ್ನು ಪಳಗಿಸುತ್ತದೆ. ಸಿ. ವಿ. ರಾಮನ್ 1920ರಲ್ಲಿ ಇದನ್ನು ಬೆಳಕಿಗೆ ತಂದರು. ಮರುವರ್ಷ ಅವರು ತಂಬೂರಿಯ ಕಡೆ ತಿರುಗಿದರು. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡು ಪಾಲಿನ, ನಾಲ್ಕು ಪಾಲಿನ ಕಂಪನದ ಮೇಲ್ಸ್ವರಗಳು ಕೇಳಬಾರದೆಂಬುದು ಶಾಸ್ತ್ರ. ತಂಬೂರಿಯಲ್ಲಿ ಅವೂ ಕೇಳುತ್ತವೆ! ಕಾರಣ, ಅಗಲವಾದ ಕುದುರೆ ಮತ್ತು ಅದರ ಮೇಲೆ ತಂತಿಯ ಅಡಿಗೆ ಸಿಕ್ಕಿಸಿದ ಒಂದು ನೂಲೆಳೆ. ನಮ್ಮವರು ಅದನ್ನು ಜೀವಾಳವೆಂದೇ ಕರೆದರು.

ವಾದ್ಯ ರಿಪೇರಿಯ ವೃದ್ಧರೊಬ್ಬರು ಬಂದು ನನ್ನ ತಂತಿಗಳನ್ನು ಬಿಗಿಮಾಡಲೂ ಇಲ್ಲ, ಸಡಿಲಿಸಲೂ ಇಲ್ಲ. ಎಳೆಯನ್ನು ಕೂದಲಷ್ಟು ಹಿಂದೆ ಸರಿಸಿ ಮೀಟಿದರು. ಅಡಿಗೆಮನೆಯಲ್ಲಿದ್ದ ನನ್ನ ತಂಗಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.